ಊರ ಹಾಡಿಗೆ ಹೊತ್ತಿದೆ, ಮನೆ ಮಾತಿಗಿಲ್ಲ

ಪ್ರಶ್ನೆ: ನಾನು ಧಾರವಾಡದವನು, ವಯಸ್ಸು 63, ಹೈಸ್ಕೂಲ್ ಮಾಸ್ತರನಾಗಿ ನಿವೃತ್ತನಾದೆ. ಎರಡು ವರ್ಷದಿಂದ ಇಲ್ಲಿನ ಒಂದು ಸಮುದಾಯ ರೇಡಿಯೊದಲ್ಲಿ ವಾರಕ್ಕೊಮ್ಮೆ ಜನಪದ ಹಾಡಿನ ಕಾರ್ಯಕ್ರಮ ನಡೆಸುತ್ತಿದ್ದೇನೆ. ಸಂಬಳವಿಲ್ಲ. ಹಾಡು ಹುಡುಕಿಕೊಂಡು ವಾರದಲ್ಲಿ ಮೂರು ದಿನ ರೋಣ, ಶಿಗ್ಗಾವಿ ಕಡೆಯ ಹಳ್ಳಿಗಳಿಗೆ ಹೋಗುತ್ತೇನೆ. ಬೀಸುವ ಪದ, ಹಂತಿ ಪದ ಹಾಡುವವರೆಲ್ಲ ಎಂಬತ್ತರ ಆಸುಪಾಸಿನವರು. ತಡಮಾಡಿದರೆ ಹಾಡೂ ಅವರ ಜೊತೆಗೇ ಹೋಗುತ್ತದೆ. ಹೋದ ತಿಂಗಳು ಹೆಂಡತಿ ಮೊಣಕಾಲು ನೋವೆಂದು ಒಬ್ಬಳೇ ಆಟೊದಲ್ಲಿ ಆಸ್ಪತ್ರೆಗೆ ಹೋಗಿಬಂದಳು. ನಾನು ರೋಣದಲ್ಲಿದ್ದೆ. 'ಊರ ಮಂದಿ ಹಾಡ ಕೇಳಾಕ ನಿಮಗ ಹೊತ್ತೈತಿ, ನನ್ನ ಮಾತ ಕೇಳಾಕ ಇಲ್ಲ' ಅಂದವಳು ಆಮೇಲೆ ಸರಿಯಾಗಿ ಮಾತೇ ಆಡಿಲ್ಲ. ರೇಡಿಯೊ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಮಾಸ್ತರೇ. ಬಿಟ್ಟು ಮುಖ ಗಂಟು ಹಾಕಿಕೊಂಡು ಮನೆಯಲ್ಲಿ ಕೂತರೆ ಅದನ್ನೂ ಸಹಿಸಬೇಕಾದವರು ಅವರೇ.

ನಿಮ್ಮ ಅವಸರ ನನಗೆ ಅರ್ಥವಾಗುತ್ತದೆ. ಕಣದಲ್ಲಿ ಎತ್ತು ತಿರುಗಿಸುತ್ತ ರಾತ್ರಿಯಿಡೀ ಹಾಡುತ್ತಿದ್ದ ಹಂತಿ ಪದ, ರಾಶಿ ಮಾಡುವ ಮಷಿನ್ ಬಂದಮೇಲೆ ಉಳಿಯಲು ಜಾಗವೆಲ್ಲಿದೆ? ಹಿಟ್ಟಿನ ಗಿರಣಿ ಬಂತು, ಬೀಸುವ ಕಲ್ಲು ಮೂಲೆ ಸೇರಿತು.

ಆದರೆ ಬೀಸುವ ಪದದ ಬಗ್ಗೆ ನಿಮಗೆ ನಾನು ಪಾಠ ಮಾಡಬೇಕಾಗಿಲ್ಲ. ನಸುಕಿನಲ್ಲಿ ಎದ್ದು ಜೋಳ ಬೀಸುವ ಹೆಣ್ಣುಮಗಳು ತವರಿನ ನೆನಪು, ಅತ್ತೆಯ ಕಾಟ, ಗಂಡನ ಮೇಲಿನ ಸಿಟ್ಟು ಎಲ್ಲವನ್ನೂ ಆ ಕಲ್ಲಿನ ಮುಂದೆ ಹಾಡಿಕೊಂಡಳು. ಮನೆಯಲ್ಲಿ ಕೇಳುವವರಿದ್ದರೆ ಕಲ್ಲಿಗೆ ಯಾಕೆ ಹೇಳುತ್ತಿದ್ದಳು? ನಿಮ್ಮ ಹೆಂಡತಿ ಅಂದ ಆ ಒಂದು ಮಾತಿದೆಯಲ್ಲ, ಅದನ್ನು ರೋಣದ ಯಾವುದೋ ಅಜ್ಜಿ ಹಾಡಿದ್ದರೆ 'ಇನ್ನೊಮ್ಮೆ ಹೇಳವ್ವಾ' ಎಂದು ಎರಡು ಸಲ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಿರಿ.

ಹಾಗಂತ ನಾಳೆ ಬೆಳಿಗ್ಗೆ ಅವರ ಮುಂದೆ ಮೈಕ್ ಹಿಡಿಯಬೇಡಿ. 'ನೀನೂ ಒಂದು ಸೋಬಾನೆ ಹಾಡು' ಅಂದರೆ ಸಿಟ್ಟು ಜಾಸ್ತಿಯಾಗುತ್ತದೆ. ನನಗಾದರೂ ಆಗುತ್ತಿತ್ತು. ನಿಮಗೆ ಶಾಲು ಹೊದಿಸಿ, ಹಾರ ಹಾಕಿ ಶಾಲೆಯಿಂದ ಕಳಿಸಿಕೊಟ್ಟಿರುತ್ತಾರೆ. ಅವರು ಅದೇ ಒಲೆಯ ಮುಂದೆ, ಅದೇ ಮೊಣಕಾಲಿನಲ್ಲಿ ಇವತ್ತೂ ರೊಟ್ಟಿ ಬಡಿಯುತ್ತಿದ್ದಾರೆ. ನೀವು ಶಾಲೆಯಿಂದ ಬಿಡುವಾಗುವುದನ್ನು ಅವರು ಕಾದಿರಬಹುದು. ಬಿಡುವಾಯಿತು, ನೀವು ರೋಣಕ್ಕೆ ಹೋದಿರಿ.

ಇನ್ನು ಈ ಓಡಾಟ. ಸಮುದಾಯ ರೇಡಿಯೊಗೆ ಸಾಮಾನ್ಯವಾಗಿ ಸಿಗುವ ಶಕ್ತಿ 100 ವ್ಯಾಟ್. ಹತ್ತು-ಹನ್ನೆರಡು ಕಿಲೋಮೀಟರ್ ದಾಟಿದರೆ ದನಿ ಸವೆದುಹೋಗುತ್ತದೆ. 1950ರಿಂದ ದೂರದೂರದ ಊರುಗಳಿಗೆ ಕೇಳಿಸುತ್ತ ಬಂದ ಧಾರವಾಡ ಆಕಾಶವಾಣಿಯಲ್ಲ ಇದು. ಅಂದರೆ ರೋಣದ ಅಜ್ಜಿಯ ಹಾಡು ರೋಣದಲ್ಲಿ ಕೇಳಿಸುವುದಿಲ್ಲ, ಅಲ್ವಾ? ಯಾರಾದರೂ ಮೊಬೈಲ್‌ನಲ್ಲಿ ಹಾಕಿ ತೋರಿಸಿದರೆ ಉಂಟು. ಈ ರೇಡಿಯೊಗಳ ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧದಷ್ಟು ಸುತ್ತಲಿನ ಜನ ಸೇರಿ ಅಲ್ಲೇ ತಯಾರಿಸಿದ್ದಿರಬೇಕು ಎಂದು ಸರ್ಕಾರದ ನಿಯಮವೇ ಇದೆ. ಧಾರವಾಡದ ಸುತ್ತಲಿನ ಹಳ್ಳಿಗಳಾದ ನರೇಂದ್ರ, ಅಮ್ಮಿನಬಾವಿ, ಮನಗುಂಡಿಯ ಭಜನಾ ಮೇಳದವರನ್ನು, ಸೋಬಾನೆ ಹಾಡುವವರನ್ನು ಕೇಳಿದ್ದೀರಾ? ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಹಾಡಿದವರು ಸಂಜೆ ತಮ್ಮ ಕಟ್ಟೆಯ ಮೇಲೆ ಕೂತು ತಮ್ಮ ದನಿಯನ್ನೇ ಕೇಳಬಹುದು.

ರೋಣ, ಶಿಗ್ಗಾವಿಯನ್ನು ಪೂರ್ತಿ ಬಿಡುವುದು ಬೇಡ. ತಿಂಗಳಿಗೊಮ್ಮೆ ಸಾಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ, 2011ರಿಂದ. ಅಲ್ಲಿಗೆ ಒಮ್ಮೆ ಹೋಗಿ, ನಿಮ್ಮ ರೆಕಾರ್ಡಿಂಗ್‌ಗಳ ಪ್ರತಿ ಇಟ್ಟುಕೊಳ್ಳುತ್ತಾರಾ, ಹಳ್ಳಿ ಸುತ್ತಲು ಹುಡುಗರು ಸಿಗುತ್ತಾರಾ ಕೇಳಿ ನೋಡಿ. ಇಡೀ ಉತ್ತರ ಕರ್ನಾಟಕದ ಹಾಡನ್ನು ನೀವೊಬ್ಬರೇ ಉಳಿಸಬೇಕು ಅನ್ನುವ ಭಾರ ಸುಮ್ನೆ ಹೊತ್ತುಕೊಂಡಿದ್ದೀರಿ. ಅದರಲ್ಲಿ ಸ್ವಲ್ಪ ಜಂಬವೂ ಸೇರಿದೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಾಡುವವರ ವಯಸ್ಸು ಬರೆದಿದ್ದೀರಿ, ಊರು ಬರೆದಿದ್ದೀರಿ. ಮೊಣಕಾಲಿಗೆ ಡಾಕ್ಟರ್ ಏನು ಹೇಳಿದರು, ಮತ್ತೆ ಯಾವಾಗ ಬರಲು ಹೇಳಿದರು ಎಂಬುದು ಎಲ್ಲೂ ಇಲ್ಲ. ಇವತ್ತು ಅದನ್ನು ಕೇಳಿ. ಆ ದಿನ ಆಟೊ ನೀವು ಕರೆಯಿರಿ.