ತೈಲ ಪೈಪ್‌ಲೈನ್ ವಿರುದ್ಧ ಮೂಲನಿವಾಸಿಗಳ ಜೊತೆ ಸೇರಿ ಊರವರನ್ನು ಒಗ್ಗೂಡಿಸುವುದು ಎಲ್ಲಿಂದ ಶುರು?

ಎಚ್‌-1ಬಿ ವೀಸಾದ ಮೇಲೆ ಅಮೆರಿಕದ ಮಧ್ಯಪಶ್ಚಿಮದಲ್ಲಿದ್ದೀರಿ, ನಿಮ್ಮ ಕೌಂಟಿಯಲ್ಲಿ ಪೈಪ್‌ಲೈನ್ ಹಾದುಹೋಗಲಿದೆ, ಪಕ್ಕದ ರಿಸರ್ವೇಶನ್‌ನವರ (ಮೂಲನಿವಾಸಿಗಳ ಮೀಸಲು ಪ್ರದೇಶದವರ) ಜೊತೆ ನಿಲ್ಲಬೇಕು ಅಂದಿದ್ದೀರಿ. ನನ್ನ ಪ್ರಕಾರ ಮೆರವಣಿಗೆ ಆಮೇಲೆ ನೋಡಿಕೊಳ್ಳಬಹುದು, ಮೊದಲು ಜಮೀನಿನ ಕಾಗದಪತ್ರ ಹಿಡಿಯಿರಿ.

ಕೀಸ್ಟೋನ್ ಎಕ್ಸ್‌ಎಲ್ ಎಂಬ ತೈಲ ಪೈಪ್‌ಲೈನ್ ಯೋಜನೆ ನೋಡಿ. ಕೆನಡಾದ ಆಲ್ಬರ್ಟಾದಿಂದ ಅಮೆರಿಕದ ನೆಬ್ರಾಸ್ಕಾ ರಾಜ್ಯಕ್ಕೆ ಸುಮಾರು 1,900 ಕಿ.ಮೀ., 36 ಇಂಚಿನ ಕೊಳವೆ, ದಿನಕ್ಕೆ 8.3 ಲಕ್ಷ ಬ್ಯಾರೆಲ್. 2008ರಲ್ಲಿ ಅರ್ಜಿ ಹಾಕಿದ ಕಂಪನಿ 2021ರ ಜೂನ್‌ನಲ್ಲಿ ಯೋಜನೆ ಕೈಬಿಟ್ಟಿತು. ಪರವಾನಗಿ ರದ್ದು ಮಾಡಿದ್ದು ಆಗಿನ ಅಧ್ಯಕ್ಷ ಬೈಡನ್, ನಿಜ. ಆದರೆ ಅಲ್ಲಿಯವರೆಗೆ ಕೆಲಸ ಮುಗಿಯದಂತೆ ಎಳೆದವರು ರೈತರು, ಬುಡಕಟ್ಟುಗಳು ಮತ್ತು ಅವರ ವಕೀಲರು.

ಕಂಪನಿಗೆ ಮೊದಲು ಬೇಕಾಗುವುದು ಈಸ್‌ಮೆಂಟ್, ಅಂದರೆ ಖಾಸಗಿ ಜಮೀನಿನಲ್ಲಿ ಕೊಳವೆ ಹೂಳುವ ಹಕ್ಕು. ಲ್ಯಾಂಡ್ ಏಜೆಂಟ್ ಒಬ್ಬೊಬ್ಬರ ಮನೆಗೇ ಬಂದು ಕೂತು, ‘ಪಕ್ಕದವರು ಆಗಲೇ ಸಹಿ ಹಾಕಿದ್ರು’ ಅನ್ನುತ್ತಾನೆ. ನಿಜವೋ ಸುಳ್ಳೋ ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ (ಜಮೀನು ನೋಂದಣಿ) ಕಚೇರಿಯಲ್ಲಿ ಗೊತ್ತಾಗುತ್ತದೆ. ನೋಂದಣಿಯಾದ ಈಸ್‌ಮೆಂಟ್‌ಗಳನ್ನು ಯಾರು ಬೇಕಾದರೂ ನೋಡಬಹುದು. ಮಾರ್ಗದ ಪ್ರತಿ ಪಾರ್ಸೆಲ್ (ಜಮೀನಿನ ತುಂಡು), ಮಾಲೀಕರು, ಸಹಿ ಆಗಿದೆಯೋ ಇಲ್ಲವೋ, ಇಷ್ಟನ್ನು ಒಂದು ಸ್ಪ್ರೆಡ್‌ಶೀಟ್‌ಗೆ ಹಾಕಿ. ಕರಾರಿನಲ್ಲಿ ಹಣದ ಸಾಲಿಗಿಂತ ಮುಂಚೆ ಓದಬೇಕಾದ ಸಾಲುಗಳಿವೆ: ಹಕ್ಕು ಶಾಶ್ವತವೇ, ಒಂದೇ ಕೊಳವೆಗೋ ಹಲವಕ್ಕೋ, ಬೇರೆ ಕಂಪನಿಗೆ ಮಾರಬಹುದೇ, ಬಳಕೆ ನಿಂತ ಮೇಲೆ ಕೊಳವೆ ತೆಗೆಯುವ ಹೊಣೆ ಯಾರದು. ಎಕ್ಸ್‌ಎಲ್‌ಗೆ ಶಾಶ್ವತವಾಗಿ ಕೇಳಿದ್ದು 50 ಅಡಿ ಅಗಲ, ಕಾಮಗಾರಿ ಸಮಯಕ್ಕೆ 110 ಅಡಿ. ನೆಬ್ರಾಸ್ಕಾದ ರೈತರು ಬಿಡಿಬಿಡಿಯಾಗಿ ಚೌಕಾಸಿಗೆ ಕೂರದೆ ಒಟ್ಟಾಗಿ ವಕೀಲರನ್ನಿಟ್ಟುಕೊಂಡರು. ಬಿಡಿಯಾಗಿ ಕೂತಿದ್ದರೆ ಎರಡೇ ವರ್ಷದಲ್ಲಿ ಕಥೆ ಮುಗಿಯುತ್ತಿತ್ತು ಅನ್ನಿಸುತ್ತದೆ.

ಎರಡನೆಯದು, ಮಾರ್ಗಕ್ಕೆ ಒಪ್ಪಿಗೆ ಕೊಡುವ ರಾಜ್ಯ ಆಯೋಗದ ವಿಚಾರಣೆ. ಅಲ್ಲಿ ಸಾರ್ವಜನಿಕ ಅಭಿಪ್ರಾಯ ಹೇಳುವುದೇ ಬೇರೆ, ಇಂಟರ್ವೀನರ್, ಅಂದರೆ ಪ್ರಕರಣದಲ್ಲಿ ಅಧಿಕೃತ ಕಕ್ಷಿದಾರ, ಆಗುವುದೇ ಬೇರೆ. ಇಂಟರ್ವೀನರ್ ಕಂಪನಿಯ ಸಾಕ್ಷಿಯನ್ನು ಪಾಟಿ ಸವಾಲು ಮಾಡಬಹುದು, ಮೇಲ್ಮನವಿ ಹೋಗಬಹುದು. ಅರ್ಜಿಯ ಗಡುವು ಬೇಗ ಮುಗಿಯುತ್ತದೆ, ತುಂಬ ಜನ ಇಲ್ಲೇ ಎಡವುವುದು. ಇನ್ನೊಂದು, ಆಯೋಗ ಯಾವುದನ್ನು ಕೇಳಿಸಿಕೊಳ್ಳಲು ಕಾನೂನು ಬಿಡುತ್ತದೆ ಎಂದು ಮೊದಲೇ ನೋಡಿ. ನೆಬ್ರಾಸ್ಕಾದಲ್ಲಿ ಸೋರಿಕೆಯ ಅಪಾಯ ಪರಿಗಣಿಸುವಂತೆಯೇ ಇರಲಿಲ್ಲ, ಅದು ಫೆಡರಲ್ ವ್ಯಾಪ್ತಿ. ‘ಎಣ್ಣೆ ಸೋರುತ್ತದೆ’ ಅಂತ ಎಷ್ಟು ಗಂಟೆ ಅತ್ತರೂ ಲೆಕ್ಕಕ್ಕಿಲ್ಲ. ಮಣ್ಣು, ಮಾರ್ಗ, ಜಮೀನಿನ ಬೆಲೆ, ಸಾಂಸ್ಕೃತಿಕ ಸ್ಥಳ, ಇವುಗಳ ಮೇಲೆ ಸಾಕ್ಷ್ಯ ಕೊಡಬೇಕಿತ್ತು. 2017ರ ನವೆಂಬರ್‌ನಲ್ಲಿ ಆಯೋಗ 3–2ರಲ್ಲಿ ಒಪ್ಪಿಗೆ ಕೊಟ್ಟಿತಾದರೂ ಅದು ಕಂಪನಿ ಬಯಸಿದ ಮಾರ್ಗಕ್ಕಲ್ಲ, ಪರ್ಯಾಯ ಮಾರ್ಗಕ್ಕೆ. ಹೊಸ ಜಮೀನು, ಹೊಸ ಮಾಲೀಕರು, ಮತ್ತೆ ವಿಳಂಬ.

ಈಗ ಬುಡಕಟ್ಟುಗಳ ವಿಷಯ. ಅವರನ್ನು ‘ಬೆಂಬಲಿಗರ’ ಪಟ್ಟಿಗೆ ಸೇರಿಸಬೇಡಿ. ಅವರು ಅಮೆರಿಕದ ಜೊತೆಗಿನ ಒಪ್ಪಂದದ ಹಕ್ಕುಗಳಿರುವ ಸರ್ಕಾರ. ನಿಮ್ಮ ಕಾರ್ಯಕ್ರಮಕ್ಕೆ ಕರೆಯುವ ಮುಂಚೆ ಅವರ ಕೌನ್ಸಿಲ್ ಸಭೆಗೆ ಹೋಗಿ, ಏನು ಬೇಕೆಂದು ಕೇಳಿ. ಚುನಾಯಿತ ಕೌನ್ಸಿಲ್ ಮತ್ತು ಸಾಂಪ್ರದಾಯಿಕ ಹಿರಿಯರು ಒಂದೇ ಮಾತು ಆಡುತ್ತಾರೆ ಅಂದುಕೊಳ್ಳಬೇಡಿ, ಆ ಜಗಳದಲ್ಲಿ ಪಕ್ಷ ವಹಿಸಲೂಬೇಡಿ. ಲಕೋಟಾ ಬುಡಕಟ್ಟಿನ ಹಿರಿಯರ ಬಳಿ ಏನಾದರೂ ಕೇಳಲು ಹೋಗುವಾಗ ತಂಬಾಕು ಕೊಡುವ ರೂಢಿಯಿದೆ, ನಮ್ಮಲ್ಲಿ ಎಲೆ-ಅಡಿಕೆ ಇಟ್ಟು ಕರೆಯುವ ಹಾಗೆ. ಪವಿತ್ರ ಸ್ಥಳ, ಸಮಾಧಿಗಳ ವಿವರ ಬುಡಕಟ್ಟಿನ ಪರಂಪರೆ ಅಧಿಕಾರಿಯ ಕೈಯಲ್ಲೇ ಇರಲಿ. ನಿಮ್ಮ ನಕ್ಷೆಯಲ್ಲಿ ಗುರುತು ಹಾಕಬೇಡಿ. ಡಕೋಟಾ ಆಕ್ಸೆಸ್ ಎಂಬ ಇನ್ನೊಂದು ಪೈಪ್‌ಲೈನ್ ವಿರುದ್ಧದ ಕೇಸಿನಲ್ಲಿ, 2016ರ ಸೆಪ್ಟೆಂಬರ್ 2ರಂದು ಸ್ಟ್ಯಾಂಡಿಂಗ್ ರಾಕ್ ಬುಡಕಟ್ಟು ಇಂಥ ಜಾಗಗಳ ವಿವರ ಕೋರ್ಟಿಗೆ ಸಲ್ಲಿಸಿತು, ಮರುದಿನವೇ ಅಲ್ಲಿ ಬುಲ್ಡೋಜರ್ ಓಡಿತು.

ರೈತರು ಮತ್ತು ಬುಡಕಟ್ಟುಗಳ ನಡುವೆ ಹಳೆಯ ಗಾಯವಿದೆ, ರೈತರ ಹೊಲ ಒಂದು ಕಾಲಕ್ಕೆ ಅವರದ್ದೇ. ಅದನ್ನು ಮುಚ್ಚಿಟ್ಟರೆ ಮೈತ್ರಿ ಬಾಳುವುದಿಲ್ಲ. ನೆಬ್ರಾಸ್ಕಾದ ರೈತ ದಂಪತಿಯೊಬ್ಬರ ಹೊಲ, 1877ರಲ್ಲಿ ಪೊಂಕಾ ಬುಡಕಟ್ಟಿನ ಜನರನ್ನು ಒಕ್ಕಲೆಬ್ಬಿಸಿ ನಡೆಸಿಕೊಂಡು ಹೋದ ದಾರಿಯಲ್ಲೇ ಇತ್ತು. 2014ರಲ್ಲಿ ಅಲ್ಲಿ ಪೊಂಕಾ ಮೆಕ್ಕೆಜೋಳದ ಬೀಜ ಬಿತ್ತಿದರು. 2018ರಲ್ಲಿ ಆ ದಂಪತಿ ಸುಮಾರು 1.6 ಎಕರೆಯನ್ನು ಪೊಂಕಾಗಳ ಹೆಸರಿಗೇ ಬರೆದುಕೊಟ್ಟರು. ಆಮೇಲೆ ಆ ತುಂಡಿನ ಮಾತು ಬಂದರೆ ಕಂಪನಿ ಎದುರು ಬರೀ ರೈತನಲ್ಲ, ಬುಡಕಟ್ಟು ಸರ್ಕಾರವೂ ಇತ್ತು.

ನಿಮ್ಮ ವೀಸಾ ವಿಷಯ ಹೇಳಲೇಬೇಕು. ಬಂಧನವಾದರೆ, ಕೇಸು ಬಿದ್ದುಹೋದರೂ, ಮುಂದಿನ ಡಿಎಸ್‌-160 ವೀಸಾ ಅರ್ಜಿಯಲ್ಲಿ ತಿಳಿಸಬೇಕು. ಲೂಸಿಯಾನದಂಥ ರಾಜ್ಯಗಳಲ್ಲಿ ಪೈಪ್‌ಲೈನ್ ಆವರಣಕ್ಕೆ ಅತಿಕ್ರಮ ಪ್ರವೇಶವೇ ಘೋರ ಅಪರಾಧ (ಫೆಲೊನಿ) ಆಗಬಹುದು. ಕಾನೂನುಬದ್ಧ ಸಭೆಗೆ ಹೋದರೂ ವಕೀಲರ ನಂಬರನ್ನು ಅಳಿಯದ ಮಾರ್ಕರ್‌ನಲ್ಲಿ ತೋಳಿನ ಮೇಲೆ ಬರೆದುಕೊಳ್ಳಿ, ಏಕೆಂದರೆ ಬಂಧನವಾದರೆ ಪೊಲೀಸರು ಫೋನ್ ಕಿತ್ತುಕೊಳ್ಳುತ್ತಾರೆ. ಬೇಲಿ ಹತ್ತುವುದು ನಿಮ್ಮ ಕೆಲಸವಲ್ಲ. ಆ ಸ್ಪ್ರೆಡ್‌ಶೀಟ್ ನಿಮ್ಮದಾಗಲಿ, ವಾರಕ್ಕೊಮ್ಮೆ ಆಯೋಗದ ಡಾಕೆಟ್ (ಪ್ರಕರಣದ ಕಡತ) ತೆರೆದು ಹೊಸ ಅರ್ಜಿ, ಗಡುವು ನೋಡಿ ವಕೀಲರಿಗೆ ಮುಟ್ಟಿಸಿ. ಇದಕ್ಕೆ ಯಾವಾಗಲೂ ಜನ ಸಿಗುವುದಿಲ್ಲ.