ಕಟ್ಟು ನಮಗೆ, ಕಾಳು ಎತ್ತಿಗೆ

ಅಡುಗೆಮನೆ ಮತ್ತು ಕೊಟ್ಟಿಗೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿವೆ. ಅವಕ್ಕೆ ಹುರುಳಿ ಬೇಯಿಸಿದಾಗ ಕಟ್ಟು ಬಸಿದು ಸಾರು ಮಾಡುತ್ತೇನೆ. ಸತ್ವವೆಲ್ಲ ಕಟ್ಟಿಗೆ ಹೋಗಿ ಎತ್ತಿಗೆ ಬರೀ ಸಿಪ್ಪೆ ಉಳಿಯುತ್ತೆ ಅಂತ ಮಾವನವರ ತಕರಾರು. ಇತ್ತ ಸಾರೂ ನೀರುನೀರಾಗಿ ಬರುತ್ತಿದೆ. (ನಾಗಮಂಗಲ ತಾಲ್ಲೂಕಿನ ಓದುಗರು)

ಉತ್ತರ: ಮಾವನವರು ಚಿಂತೆ ಮಾಡಬೇಕಿಲ್ಲ. ಹುರುಳಿಯಲ್ಲಿ ನೂರಕ್ಕೆ ಸುಮಾರು 22 ಪಾಲು ಪ್ರೋಟೀನ್ ಇದೆ, ಬೆಂದ ಮೇಲೂ ಅದರಲ್ಲಿ ಬಹುಪಾಲು ಕಾಳಿನಲ್ಲೇ ನಿಲ್ಲುತ್ತದೆ. ಕಟ್ಟಿಗೆ ಇಳಿಯುವುದು ಬಣ್ಣ, ರುಚಿ, ಒಂದಿಷ್ಟು ಪಿಷ್ಟ ಮತ್ತು ಖನಿಜಾಂಶ. ಎತ್ತಿಗೆ ನಷ್ಟವಾಗುವುದು ಕಟ್ಟು ಬಸಿದಾಗಲ್ಲ, ಕಾಳು ಅರೆಬೆಂದಾಗ. ಗಟ್ಟಿಯಾಗಿ ಉಳಿದ ಕಾಳು ಹಾಗೇ ಸಗಣಿಯಲ್ಲಿ ಬಂದುಬಿಡುತ್ತದೆ. ಸಗಣಿ ಬಾಚುವಾಗ ಇಡೀ ಕಾಳು ಕಂಡರೆ ನಿಮ್ಮ ಬೇಯಿಸುವಿಕೆ ಸಾಲದು ಎಂದೇ ಲೆಕ್ಕ.

ಎರಡು ಕೆಜಿ ಹುರುಳಿಯನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಎರಡು ಸಲ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ಆ ನೀರನ್ನು ಚೆಲ್ಲಿಬಿಡಿ. ಹೊಟ್ಟೆಯಲ್ಲಿ ವಾಯು ಮಾಡುವ ಸಕ್ಕರೆ ಅಂಶ ಒಂದಿಷ್ಟು ಅದರ ಜೊತೆ ಹೋಗುತ್ತದೆ, ಇಲ್ಲಿ ಜಿಪುಣತನ ಬೇಡ. ಎಂಟು ಲೀಟರ್ ಹೊಸ ನೀರು ಹಾಕಿ ಸೌದೆ ಒಲೆಯ ಮೇಲೆ ಒಂದರಿಂದ ಒಂದೂವರೆ ಗಂಟೆ ಬೇಯಿಸಿ. ಕಾಳನ್ನು ಎರಡು ಬೆರಳ ನಡುವೆ ಹಿಡಿದರೆ ಒಳಗೆ ಹರಳಿಲ್ಲದೆ ನುಣ್ಣಗೆ ಹಿಸುಕಬೇಕು. ಹಳೆಯ ಹುರುಳಿಯಾದರೆ ಇನ್ನೂ ಅರ್ಧ ಗಂಟೆ ಹಿಡಿದೀತು. ಮನೆಮಟ್ಟಿಗೆ ಸ್ವಲ್ಪವನ್ನೇ ಕುಕ್ಕರ್‌ನಲ್ಲಿ ಇಡುವುದಾದರೆ ಅರ್ಧಕ್ಕಿಂತ ಮೇಲೆ ತುಂಬಬೇಡಿ, ಹುರುಳಿಯ ನೊರೆ ಉಕ್ಕಿ ವಿಷಲ್ ತೂತು ಕಟ್ಟಿಕೊಳ್ಳುತ್ತದೆ. ಉಪ್ಪು ಈಗಲೇ ಹಾಕಬೇಡಿ. ನಮ್ಮ ಸಾರಿನ ಉಪ್ಪಿನ ಅಳತೆಯೇ ಬೇರೆ, ಎತ್ತಿನದೇ ಬೇರೆ.

ಇನ್ನು ಸಾರು. ಅದು ನೀರಾಗುವುದಕ್ಕೆ ಕಾರಣ ಒಂದೇ, ಕಾಳು ರುಬ್ಬಿ ಹಾಕದಿರುವುದು. ಬರೀ ಕಟ್ಟಿಗೆ ಸಾರಿನ ಪುಡಿ ಕದಡಿದರೆ ಪುಡಿ ತಳ ಸೇರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಒಂದು ಲೀಟರ್ ಕಟ್ಟಿಗೆ ಎರಡು ಹಿಡಿ ಬೆಂದ ಕಾಳು, ಕೆಂಡದಲ್ಲಿ ಸುಟ್ಟ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಎರಡು ಚಮಚ ಕಾಯಿತುರಿ, ಎರಡು ಟೀ ಚಮಚ ಸಾರಿನ ಪುಡಿ, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆ. ಎಲ್ಲವನ್ನೂ ನುಣ್ಣಗೆ ರುಬ್ಬಿ ಕಟ್ಟಿಗೆ ಸೇರಿಸಿ, ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ. ಒಗ್ಗರಣೆ ಕೊನೆಗೆ: ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ. ಕಾಯಿ ದುಬಾರಿಯಾದ ದಿನ ಬಿಟ್ಟರೂ ಸಾರು ಕೆಡುವುದಿಲ್ಲ, ಆದರೆ ಸುಟ್ಟ ಈರುಳ್ಳಿ ಬಿಡಬೇಡಿ. ಮುದ್ದೆಗೆ ಮಾರನೆಯ ದಿನದ ಸಾರೇ ಹೆಚ್ಚು ರುಚಿ. ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕುದಿಸಿಡದಿದ್ದರೆ ಹುಳಿಯುತ್ತದೆ.

ಮನೆಗೆ ಬೇಕಾದಷ್ಟು ಕಟ್ಟು ತೆಗೆದ ಮೇಲೆ ಮಿಕ್ಕದ್ದನ್ನು ಕಾಳಿನ ಜೊತೆಗೇ ಎತ್ತಿಗೆ ಬಿಡಿ. ಉಳುಮೆಯ ದಿನಗಳಲ್ಲಿ ಒಂದು ಎತ್ತಿಗೆ ಒಂದು ಕೆಜಿ (ಒಣ ತೂಕ), ಎರಡು ಹೊತ್ತಿಗೆ ಹಂಚಿ. ಕಾಳನ್ನು ಕೈಯಲ್ಲಿ ಒಮ್ಮೆ ಹಿಸುಕಿ, ಅರ್ಧ ಕೆಜಿ ಬೂಸ, 30 ಗ್ರಾಂ ಉಪ್ಪು ಕಲಸಿ, ಪೂರ್ತಿ ಆರಿಸಿ ಇಡಿ. ಕೆಲಸವಿಲ್ಲದ ದಿನ ಅರ್ಧ ಸಾಕು. ಇದುವರೆಗೆ ಹುರುಳಿ ತಿನ್ನದ ಎತ್ತಿಗಾದರೆ ಕಾಲು ಕೆಜಿಯಿಂದ ಶುರುಮಾಡಿ ವಾರದಲ್ಲಿ ಏರಿಸಿ. ಹಿಂದಿನ ದಿನ ಬೇಯಿಸಿ ಹುಳಿಬಂದದ್ದನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ಪ್ರಶ್ನೆ: ಬೀಗರೂಟ ಮುಗಿದ ಮೇಲೆ ಒಂದು ಮಕ್ಕರಿ ಅನ್ನ ಮಿಕ್ಕಿತ್ತು. ಸುಮ್ಮನೆ ಯಾಕೆ ಎಸೆಯೋದು ಅಂತ ಹಸುವಿಗೆ ಸುರಿದೆವು. ಮಾರನೆಯ ದಿನ ಮೇವು ಮುಟ್ಟಲಿಲ್ಲ, ನೀರು ನೀರಾಗಿ ಕಹಿವಾಸನೆಯ ಭೇದಿ. ಡಾಕ್ಟರು ಬಂದು ಉಳಿಸಿದರು. ಅನ್ನ ಅಷ್ಟು ಕೆಟ್ಟದ್ದಾ? (ಮದ್ದೂರು ಕಡೆಯ ಓದುಗರು)

ಉತ್ತರ: ಅನ್ನ ಕೆಟ್ಟದ್ದಲ್ಲ, ಅಳತೆ ಕೆಟ್ಟಿತು. ಹುಲ್ಲು ಹಸುವಿನ ಮೊದಲ ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ಬೆಂದ ಅನ್ನದ ಪಿಷ್ಟ ಹಾಗಲ್ಲ, ಕೆಲವೇ ಗಂಟೆಯಲ್ಲಿ ಹುದುಗಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಹುಲ್ಲು ಜೀರ್ಣಿಸುವ ಸೂಕ್ಷ್ಮಜೀವಿಗಳು ಆ ಹುಳಿಯಲ್ಲಿ ಸಾಯುತ್ತವೆ, ಮೈಯ ನೀರು ಹೊಟ್ಟೆಗೆ ಸೆಳೆಯಲ್ಪಡುತ್ತದೆ. ಅದಕ್ಕೇ ಹೊಟ್ಟೆ ಗುಳುಗುಳು ಅನ್ನುವುದು, ಕಣ್ಣು ಒಳಗೆ ಇಳಿಯುವುದು. ಅರ್ಧ ದಿನದಿಂದ ಒಂದು ದಿನದೊಳಗೆ ಮೆಲುಕು ನಿಲ್ಲುತ್ತದೆ, ಎಡ ಪಕ್ಕೆ ಉಬ್ಬುತ್ತದೆ, ಹಾಲು ಇಳಿಯುತ್ತದೆ. ತಡಮಾಡಿದರೆ ಹಸು ಮಲಗಿದ್ದು ಏಳುವುದಿಲ್ಲ.

ಹೆಚ್ಚು ತಿಂದಿದೆ ಎಂದು ಗೊತ್ತಾದ ತಕ್ಷಣ, ಲಕ್ಷಣಕ್ಕೆ ಕಾಯದೆ, 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಿ. ಅಷ್ಟರೊಳಗೆ ಗೋದಲಿಯಲ್ಲಿ ಉಳಿದ ಅನ್ನ ತೆಗೆದು ಒಣ ರಾಗಿ ಹುಲ್ಲು ಮಾತ್ರ ಇಡಿ. ಹಸು ನಿಂತಿದ್ದು ಚೆನ್ನಾಗಿ ನುಂಗುತ್ತಿದ್ದರೆ 100 ಗ್ರಾಂ ಅಡುಗೆ ಸೋಡವನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ನಿಧಾನವಾಗಿ ಕುಡಿಸಬಹುದು. ತಲೆಯನ್ನು ತೀರ ಮೇಲೆತ್ತಬೇಡಿ, ನಾಲಿಗೆ ಎಳೆದು ಹಿಡಿಯಬೇಡಿ, ನೀರು ಶ್ವಾಸಕೋಶಕ್ಕೆ ಹೋದರೆ ಎರಡನೆಯ ಕಾಯಿಲೆ. ಮಲಗಿಬಿಟ್ಟ ಹಸುವಿಗೆ ಬಾಯಿಂದ ಏನನ್ನೂ ಹಾಕಬೇಡಿ.

ಹಸುವಿಗೆ ಅನ್ನ ಇಟ್ಟರೆ ಪುಣ್ಯ ಅನ್ನುವುದು ಒಂದೆರಡು ಹಿಡಿಗೆ ಸಲ್ಲುವ ಮಾತು, ಮಕ್ಕರಿಗಲ್ಲ. ಕಲಗಚ್ಚಿಗೂ ಇದೇ ಎಚ್ಚರ ಬೇಕು: ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಸರಿ; ಪಾತ್ರೆ ತೊಳೆದ ಸೋಪಿನ ನೀರು, ಮೂಳೆ, ರಾಶಿ ಈರುಳ್ಳಿ ಸಿಪ್ಪೆ, ಬೂಷ್ಟು ಹಿಡಿದದ್ದು ಬೇಡ. ಬೀಗರೂಟದ ಎಲೆಯ ಜೊತೆ ಪ್ಲಾಸ್ಟಿಕ್ ಲೋಟ ಬರುವುದನ್ನಂತೂ ಹೇಳಬೇಕಾಗಿಯೇ ಇಲ್ಲ.

ಮಿಕ್ಕ ಅನ್ನಕ್ಕೆ ಮನೆಯಲ್ಲೇ ದಾರಿ ಇದೆ. ಬಿಸಿ ಆರಿದ ಕೂಡಲೇ ತಣ್ಣನೆ ಜಾಗದಲ್ಲಿಟ್ಟ ಅನ್ನ ಎರಡು ಲೋಟ, ಅಕ್ಕಿ ಹಿಟ್ಟು ಒಂದೂವರೆ ಲೋಟ, ಹೆಚ್ಚಿದ ಸಬ್ಬಸಿಗೆ, ಈರುಳ್ಳಿ, ಹಸಿಮೆಣಸು, ಉಪ್ಪು. ಅನ್ನವನ್ನು ಮೊದಲು ಕೈಯಲ್ಲಿ ನುಣ್ಣಗೆ ಕಿವುಚಿ ಆಮೇಲೆ ಹಿಟ್ಟು ಸೇರಿಸಿದರೆ ರೊಟ್ಟಿ ಸಂಜೆಯವರೆಗೂ ಮೆತ್ತಗಿರುತ್ತದೆ. ಹೆಚ್ಚಿದ್ದರೆ ಉಪ್ಪು, ಜೀರಿಗೆ, ಮೆಣಸಿನಕಾಯಿ ಹಾಕಿ ರುಬ್ಬಿ ಸಂಡಿಗೆ ಇಟ್ಟು ಎರಡು ಮೂರು ದಿನ ಕಡುಬಿಸಿಲಲ್ಲಿ ಒಣಗಿಸಿ. ಮುಟ್ಟಿದರೆ ನೂಲು ಎಳೆಯುವಂತಾದ ಅನ್ನ ಮನುಷ್ಯರಿಗೂ ಬೇಡ, ಕೋಳಿಗೂ ಬೇಡ. ತಿಪ್ಪೆಗೆ ಹಾಕಿ ಮಣ್ಣು ಮುಚ್ಚಿ.

ಪ್ರಶ್ನೆ: ಗಿರಿರಾಜ ಕೋಳಿ ಮೊಟ್ಟೆ ಇಡುತ್ತೆ, ಆದರೆ ಕಾವಿಗೆ ಕೂರೋದೇ ಇಲ್ಲ. ಮರಿ ಮಾಡಿಸೋದು ಹೇಗೆ? (ತಿ. ನರಸೀಪುರದ ಓದುಗರು)

ಉತ್ತರ: ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಈ ತಳಿಗೆ ಕಾವು ಕೂರುವ ಗುಣ ಇಲ್ಲವೆನ್ನುವಷ್ಟು ಕಡಿಮೆ. ಕಾವಿಗೆ ಬಂದ ನಾಟಿ ಕೋಳಿಯ ಕೆಳಗೆ ಇಡಿ, ಹತ್ತರಿಂದ ಹನ್ನೆರಡು ಮೊಟ್ಟೆ, ಅದಕ್ಕಿಂತ ಹೆಚ್ಚಾದರೆ ಅಂಚಿನವಕ್ಕೆ ಕಾವು ತಾಗುವುದಿಲ್ಲ. ಇಡುವ ಮೊಟ್ಟೆ ವಾರಕ್ಕಿಂತ ಹಳೆಯದಿರಬಾರದು, ತೊಳೆದಿರಬಾರದು. ಏಳನೆಯ ರಾತ್ರಿ ಕತ್ತಲಲ್ಲಿ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಕೆಂಪು ನರದ ಬಲೆ ಕಂಡರೆ ಮರಿ ಇದೆ, ತಿಳಿಯಾಗಿದ್ದರೆ ತೆಗೆದುಬಿಡಿ. 21ನೆಯ ದಿನಕ್ಕೆ ಒಡೆಯುತ್ತವೆ. ಐದರಿಂದ ಏಳು ದಿನದೊಳಗೆ ಕೊಕ್ಕರೆ ರೋಗಕ್ಕೆ ಲಸೋಟ ಎಂಬ ಲಸಿಕೆಯ ಹನಿ ಹಾಕಿಸಿ. ಲಸಿಕೆಯನ್ನು ಐಸ್ ಡಬ್ಬಿಯಲ್ಲೇ ತರಬೇಕು, ಬಿಸಿಲಲ್ಲಿ ಜೇಬಿನಲ್ಲಿಟ್ಟು ತಂದದ್ದು ನೀರಿಗೆ ಸಮ. ಹೀಗೆ ಹುಟ್ಟಿದ ಮರಿಗಳು ತಾಯಿಯಷ್ಟೇ ಮೊಟ್ಟೆ ಇಡುತ್ತವೆ ಎಂದು ಎಣಿಸಬೇಡಿ, ಮಿಶ್ರ ತಳಿಯ ಗುಣ ಮುಂದಿನ ಪೀಳಿಗೆಗೆ ಪೂರ್ತಿ ಇಳಿಯುವುದಿಲ್ಲ.

ಪ್ರಶ್ನೆ: ಕಬ್ಬು ಕಡಿಯುವ ಕಾಲದಲ್ಲಿ ಸೋಗೆ ಪುಕ್ಕಟೆ ಸಿಗುತ್ತೆ. ಅದನ್ನೇ ಹೊಟ್ಟೆತುಂಬ ಹಾಕಿದರೂ ಹಾಲು ಇಳಿಯುತ್ತಿದೆ. (ಪಾಂಡವಪುರದ ಓದುಗರು)

ಉತ್ತರ: ಸೋಗೆ ಹೊಟ್ಟೆ ತುಂಬಿಸುತ್ತದೆ, ಕೆಚ್ಚಲು ತುಂಬಿಸುವುದಿಲ್ಲ. ಪ್ರೋಟೀನ್ ಕಡಿಮೆ, ಮೇಲಾಗಿ ಅದರಲ್ಲಿರುವ ಆಕ್ಸಲೇಟ್ ಮೇವಿನ ಕ್ಯಾಲ್ಸಿಯಂ ಜೊತೆ ಸೇರಿ ಹಸುವಿಗೆ ದಕ್ಕದಂತೆ ಮಾಡುತ್ತದೆ. ಹಾಲು ಕರೆಯುವ ಹಸುವಿಗೆ, ಅದರಲ್ಲೂ ಹೊಸದಾಗಿ ಕರು ಹಾಕಿದ್ದಕ್ಕೆ, ಇದು ದುಬಾರಿ ಬೀಳುತ್ತದೆ. ಹಸಿ ಮೇವಿನಲ್ಲಿ ಸೋಗೆ ಅರ್ಧ ಮೀರದಿರಲಿ. ಎರಡು ಅಂಗುಲಕ್ಕೆ ಕತ್ತರಿಸಿ, ಅಲಸಂದೆ ಅಥವಾ ಕುದುರೆ ಮೆಂತೆ ಸೊಪ್ಪು ಬೆರೆಸಿ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪನ್ನು ಹಿಂಡಿಯಲ್ಲಿ ಕಲಸಿ ಕೊಡಿ, ಮೇವಿನ ಮೇಲೆ ಉದುರಿಸಿದರೆ ಅರ್ಧ ನೆಲದ ಪಾಲಾಗುತ್ತದೆ. ಔಷಧ ಹೊಡೆದ ಗದ್ದೆಯ ಸೋಗೆಯಾದರೆ ಯಾವಾಗ ಹೊಡೆದದ್ದು ಎಂದು ಕೇಳಿಕೊಂಡೇ ಮನೆಗೆ ತನ್ನಿ.