ಬಾಡಿಗೆಗೆ ಕೊಡುವ ಮನೆ ಕೊಳ್ಳಲು 20 ವರ್ಷದ ಸಾಲದ ಮಸೂದೆ ಪಾಸಾಗುವವರೆಗೆ ಕಾಯಬೇಕಾ?

ಅಮೆರಿಕದ ಫೆಡರಲ್ ಕ್ರೆಡಿಟ್ ಯೂನಿಯನ್‌ಗಳು (ಸದಸ್ಯರೇ ಒಡೆಯರಾಗಿರುವ ಸಹಕಾರಿ ಸಾಲ ಸಂಘಗಳು) ಬಾಡಿಗೆ ಮನೆಗೆ 15 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಸಾಲ ಕೊಡುವಂತಿಲ್ಲ ಅಂತ ಬೈದು, ಆ ಮಿತಿಯನ್ನು 20ಕ್ಕೆ ಏರಿಸುವ ಮಸೂದೆಗೆ ಕಾಯಲಾ ಅಂತ ಕೇಳಿದ್ದೀರಿ. ಕಾಯಬೇಡಿ. ನಿಮ್ಮ ಹಾಗೇ ನಾನೂ 15 ವರ್ಷ ಅಂದ ಕೂಡಲೇ ಹೆದರಿ ಬೇರೆ ಕಡೆ ಸಾಲ ಮಾಡಿದವನು.

ಆಗ ಒಹಾಯೋದ ಕೊಲಂಬಸ್‌ನಲ್ಲಿದ್ದೆ. ಬಾಡಿಗೆಗೆ ಕೊಡೋಣ ಅಂತ ಸಣ್ಣ ಮನೆಯೊಂದನ್ನು ನೋಡಿದ್ದೆ. 1 ಲಕ್ಷ ಡಾಲರ್ ಸಾಲ ಬೇಕಿತ್ತು. ನಾನು ಸದಸ್ಯನಾಗಿದ್ದ ಫೆಡರಲ್ ಕ್ರೆಡಿಟ್ ಯೂನಿಯನ್‌ನಲ್ಲಿ ಶೇ 6 ಬಡ್ಡಿ, ತಿಂಗಳ ಕಂತು 844 ಡಾಲರ್. ನಾವೇ ವಾಸ ಮಾಡುವ ಮನೆಗಾದರೆ 40 ವರ್ಷದವರೆಗೂ ಕೊಡಬಹುದು, ಬಾಡಿಗೆ ಮನೆಗೆ 15 ದಾಟುವ ಹಾಗಿಲ್ಲ. ಕಾನೂನೇ ಹಾಗಿದೆ. ಇನ್ನೊಂದು ಖಾಸಗಿ ಕಂಪನಿ 30 ವರ್ಷ ಕೊಟ್ಟಿತು. ಬಡ್ಡಿ ಶೇ 7, ಕಂತು 665. ತಿಂಗಳಿಗೆ 179 ಡಾಲರ್ ಉಳಿಯುತ್ತಲ್ಲ ಅಂತ ಅಲ್ಲಿಗೇ ಹೋದೆ.

ಬಡ್ಡಿ ಜಾಸ್ತಿ ಅಂತ ಗೊತ್ತಿದ್ದೇ ಹೋಗಿದ್ದು, ಅದಲ್ಲ ನನ್ನ ತಪ್ಪು. ಕಂತು ಎಷ್ಟು ಅಂತ ನಾಲ್ಕು ಸಲ ಕೇಳಿದೆ, ಮುಂಚೆಯೇ ತೀರಿಸಿದರೆ ಏನಾಗುತ್ತೆ ಅಂತ ಒಂದು ಸಲವೂ ಕೇಳಲಿಲ್ಲ. ಸಹಿ ಹಾಕುವ ದಿನ ಕಾಗದದ ಕಟ್ಟಿನ ಅಂಚಿಗೆಲ್ಲ ಹಳದಿ ಚೀಟಿ ಅಂಟಿಸಿದ್ದರು. ಚೀಟಿ ಇದ್ದಲ್ಲೆಲ್ಲ ಸಹಿ ಹಾಕುತ್ತಾ ಹೋದೆ. ಅದರಲ್ಲೊಂದು ಅರ್ಧ ಪುಟದ ಹಾಳೆ. ಮೊದಲ ವರ್ಷದಲ್ಲಿ ಸಾಲ ತೀರಿಸಿದರೆ ಉಳಿದ ಅಸಲಿನ ಶೇ 5 ದಂಡ, ಎರಡನೇ ವರ್ಷ 4, ಹೀಗೇ ಐದನೇ ವರ್ಷಕ್ಕೆ 1. ಓದಲು ಎರಡು ನಿಮಿಷ ಸಾಕಿತ್ತು.

ಒಂದೂವರೆ ವರ್ಷಕ್ಕೆ ಶಿವಮೊಗ್ಗದಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಮನೆ ಮಾರಿ ಊರಿಗೆ ಬಂದೆ. ದಂಡ ಅಂತ ಸುಮಾರು 3,900 ಡಾಲರ್ ಹಿಡಿದುಕೊಂಡರು. ಸಣ್ಣ ಕಂತಿನಿಂದ ಅಷ್ಟೂ ತಿಂಗಳಲ್ಲಿ ಉಳಿದಿದ್ದು 3,222. ಅಸಲು ತೀರಿದ್ದು 1,550ರಷ್ಟು ಮಾತ್ರ. ಕ್ರೆಡಿಟ್ ಯೂನಿಯನ್ ಸಾಲ ತಗೊಂಡಿದ್ದರೆ 6,400 ದಾಟಿರುತ್ತಿತ್ತು. ದಂಡವಂತೂ ಇರುತ್ತಲೇ ಇರಲಿಲ್ಲ, ಯಾಕಂದ್ರೆ ಮುಂಚೆ ತೀರಿಸುವ ಸದಸ್ಯರಿಂದ ಫೆಡರಲ್ ಕ್ರೆಡಿಟ್ ಯೂನಿಯನ್‌ಗಳು ದಂಡ ವಸೂಲಿ ಮಾಡುವಂತಿಲ್ಲ. ನೀವು ಬೈಯುತ್ತಿರುವ 15 ವರ್ಷದ ಮಿತಿ ಇರುವುದೂ ಅದೇ ಕಾನೂನಿನಲ್ಲೇ!

ಮಸೂದೆ ಬೇಡ ಅಂತಲ್ಲ, ಪಾಸಾದರೆ ನನಗೂ ಖುಷಿ. ಆದರೆ 2019ರಲ್ಲೂ ಆಗ ಅಮೆರಿಕದ ಸಂಸದರಾಗಿದ್ದ ಲೀ ಜೆಲ್ಡಿನ್ ಸಾಲದ ಅವಧಿ ಹೆಚ್ಚಿಸುವ ಮಸೂದೆ ತಂದಿದ್ದರು. ಆ ಸಂಸತ್ತಿನ ಅವಧಿ ಮುಗಿಯಿತು, ಅದೂ ಅಲ್ಲಿಗೇ ನಿಂತಿತು. ಇಂಥದ್ದನ್ನು ನಂಬಿ ಮನೆ ಕೈಬಿಡಬೇಡಿ. ಇನ್ನೊಂದು ಲೆಕ್ಕವೂ ನೋಡಿ. ಅದೇ 1 ಲಕ್ಷವನ್ನು ಶೇ 6ಕ್ಕೆ 20 ವರ್ಷ ಇಟ್ಟುಕೊಂಡರೆ ಕಂತು 716ಕ್ಕೆ ಇಳಿಯುತ್ತೆ, ಒಟ್ಟು ಬಡ್ಡಿ 20,000 ಡಾಲರ್ ಏರುತ್ತೆ. ಬರುವ ಬಾಡಿಗೆಯಲ್ಲಿ 15 ವರ್ಷದ ಕಂತು, ಆಸ್ತಿ ತೆರಿಗೆ, ವಿಮೆ ಮೂರೂ ಹೊಂದದಿದ್ದರೆ ನನ್ನ ಪ್ರಕಾರ ಆ ಮನೆಯ ಬೆಲೆಯೇ ಜಾಸ್ತಿ. ಚೌಕಾಸಿ ಮಾಡಿ, ಒಪ್ಪದಿದ್ದರೆ ಬೇರೆ ಮನೆ ನೋಡಿ.